ಗಂಗಾಳದಾಗಿನ ಹುಳ

ನಮ್ಮ ಓಣಿಯ ಆಯಿಗೆ ಹಲ್ಲಿನ ಹುಳ ತೆಗೆಯುವ ವಿದ್ಯೆ ಗೊತ್ತಿತ್ತು. ನವಲಗುಂದ ತಾಲೂಕಿನ ಎರೆಹೊಲದ ಊರು ನಮ್ಮದು. ಹಲ್ಲುಬೇನೆಗೆ ಡಾಕ್ಟರು ಬೇಕೆಂದರೆ ಹುಬ್ಬಳ್ಳಿ ಬಸ್ಸು ಹಿಡಿಯಬೇಕು, ಆಯಿಯ ಕಟ್ಟೆಗಾದರೆ ನಾಲ್ಕು ಹೆಜ್ಜೆ. ರಾತ್ರಿಯೆಲ್ಲ ಗಲ್ಲ ಹಿಡಿದು ಅತ್ತ ಹುಡುಗರನ್ನು ಬೆಳಗಾಗುವುದರೊಳಗೆ ಅಲ್ಲಿಗೆ ಕರೆತರುತ್ತಿದ್ದರು. ಆಕೆ ದುಡ್ಡು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ವಿದ್ಯೆ ಹೋಗುತ್ತದಂತೆ.

ನನ್ನ ತಮ್ಮನ ಸರದಿ ಬಂದಾಗ ನಾನೂ ಜೊತೆಗೆ ಹೋಗಿದ್ದೆ. ಅವನಿಗಾಗ ಏಳು ವರ್ಷ. ಕೆಳದವಡೆಯ ಹಲ್ಲಿನಲ್ಲಿ ಜೋಳದ ಕಾಳು ಕೂರುವಷ್ಟು ಕುಳಿ ಬಿದ್ದಿತ್ತು. ಆಯಿ ಗಂಗಾಳದಲ್ಲಿ ನೀರು ತುಂಬಿ, ನಡುವೆ ಇಟ್ಟಿಗೆ ಚೂರು ಇಟ್ಟು, ಅದರ ಮೇಲೆ ಒಂದು ಬೋಕಿ ಕೂರಿಸಿದಳು. ಬೋಕಿಯಲ್ಲಿ ನಿಗಿನಿಗಿ ಕೆಂಡ. ಕೆಂಡದ ಮೇಲೆ ನೆಲಗುಳ್ಳದ ಒಣಬೀಜ, ನಾಲ್ಕು ಹನಿ ಎಣ್ಣೆ. ಬದುವಿನ ಮೇಲೆ ನೆಲಕ್ಕಂಟಿ ಹಬ್ಬುತ್ತದಲ್ಲ, ಮೈತುಂಬ ಮುಳ್ಳು, ನೇರಳೆ ಹೂವು, ಗೋಲಿಯಂಥ ಹಳದಿ ಹಣ್ಣು, ಅದೇ ಗಿಡ. ತಮ್ಮನನ್ನು ಗಂಗಾಳದ ಮೇಲೆ ಬಗ್ಗಿಸಿ ತಲೆಯ ಮೇಲೆ ಕಂಬಳಿ ಹೊದಿಸಿದಳು.

"ಬಾಯಿ ತಗಿ ಯಪ್ಪಾ. ಇನ್ನೂ ಅಗಲಕ ತಗಿ."

ಒಳಗಿಂದ ಕೆಮ್ಮು, ಅಳು. ಬೀಜ ಚಟಚಟ ಸಿಡಿಯುವ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಕಂಬಳಿ ತೆಗೆದರೆ ಹುಡುಗನ ಕಣ್ಣು ಕೆಂಡ, ಬಾಯಿಂದ ಜೊಲ್ಲು ದಾರದಂತೆ ಇಳಿಯುತ್ತಿತ್ತು. ಗಂಗಾಳದ ನೀರಿನ ಮೇಲೆ ಬೆಳ್ಳಗೆ, ಸಣ್ಣಗೆ, ಸುರುಳಿ ಸುತ್ತಿಕೊಂಡ ಏನೋ ತೇಲುತ್ತಿದ್ದವು. ಆಯಿ ಕಿರುಬೆರಳಿನಿಂದ ಒಂದೊಂದನ್ನೇ ಸರಿಸಿ ಎಣಿಸಿದಳು. "ನೋಡವಾ, ಒಂಬತ್ತು ಬಿದ್ದಾವ" ಎಂದು ನಮ್ಮವ್ವನಿಗೆ ತೋರಿಸಿದಳು. ಹುಳುಗಳನ್ನು ಅಷ್ಟು ಹತ್ತಿರದಿಂದ ನೋಡಿದ ನನಗೆ ಎರಡು ದಿನ ಅನ್ನದ ಅಗಳೂ ಅವುಗಳಂತೆಯೇ ಕಂಡಿತು.

ಬೇನೆ ಕಡಿಮೆಯಾದದ್ದು ನಿಜ. ಮೂರನೆಯ ದಿನ ಮತ್ತೆ ಬಂದದ್ದೂ ನಿಜ.

ಒಂಬತ್ತನೆಯ ಇಯತ್ತೆಯಲ್ಲಿ ವಿಜ್ಞಾನದ ಮಾಸ್ತರ ಮುಂದೆ ಈ ಕತೆ ಹೇಳಿದೆ. ಅವರು ನಗಲಿಲ್ಲ. ಮರುದಿನ ನೆಲಗುಳ್ಳದ ಬೀಜ ತರಲು ಹೇಳಿದರು. ಶಾಲೆಯ ಹಿತ್ತಲಲ್ಲಿ ಕೆಂಡ, ಬೋಕಿ, ಗಂಗಾಳ ಎಲ್ಲ ಹೂಡಿದೆವು. ಮೇಲೆ ಯಾರ ಬಾಯಿಯನ್ನೂ ಒಡ್ಡಲಿಲ್ಲ, ಅಷ್ಟೇ ವ್ಯತ್ಯಾಸ. ಬೀಜ ಸಿಡಿದವು. ನೀರಿನ ಮೇಲೆ ಅವೇ ಬಿಳಿ ಸುರುಳಿಗಳು ಬಿದ್ದವು. ಮಾಸ್ತರು ಒಂದನ್ನು ಕಾಗದದ ಮೇಲೆತ್ತಿ ಭೂತಗನ್ನಡಿ ಹಿಡಿದು ತೋರಿಸಿದರು. ಅದು ಬೀಜದೊಳಗೆ ಡೊಂಕಾಗಿ ಮಲಗಿದ್ದ ಮೊಳಕೆ. ಬಿಸಿಗೆ ಸಿಪ್ಪೆ ಒಡೆದು ಹೊರಗೆ ಹಾರಿತ್ತು. ಹುಡುಗರೆಲ್ಲ ಹೋ ಎಂದೆವು. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: "ಹಂಗಾರ ಹಲ್ಲ ತಿಂದಾವ್ರು ಯಾರ್ರಿ ಸರ್?"

ಗಂಟೆ ಬಾರಿಸಿತು. ಆ ಪ್ರಶ್ನೆಯ ಉತ್ತರ ಹುಡುಕಲು ಮನುಷ್ಯರಿಗೆ ಎಷ್ಟು ಕಾಲ ಹಿಡಿಯಿತೆಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ.

ಹುಳದ ಕತೆ ನಮ್ಮ ಓಣಿಯದಷ್ಟೇ ಅಲ್ಲ. ಬ್ಯಾಬಿಲೋನಿನ ಮಣ್ಣಿನ ಹಲಗೆಯೊಂದರಲ್ಲಿ ಹುಳವೊಂದು ದೇವರ ಮುಂದೆ ಅತ್ತು, ಕೊಟ್ಟ ಅಂಜೂರ ಒಲ್ಲೆನೆಂದು, ಹಲ್ಲು ಮತ್ತು ಒಸಡಿನ ನಡುವೆ ತನಗೆ ಜಾಗ ಬೇಡಿಕೊಂಡ ಕತೆ ಇದೆ. ಸುಶ್ರುತ ಸಂಹಿತೆ ಈ ರೋಗವನ್ನು ಕ್ರಿಮಿದಂತಕ ಎನ್ನುತ್ತದೆ. ಕನ್ನಡವಂತೂ ಹುಳವನ್ನು ಪದದೊಳಗೇ ಕೂರಿಸಿಕೊಂಡಿದೆ: ಹುಳುಕು ಹಲ್ಲು. ಇನ್ನೊಬ್ಬರ ತಪ್ಪು ಹುಡುಕುವುದಕ್ಕೂ ಹುಳುಕು ಹುಡುಕುವುದೆಂದೇ ಹೆಸರು. ಯುರೋಪಿನಲ್ಲಿ ನಮ್ಮ ಆಯಿಯ ವಿದ್ಯೆಯನ್ನೇ ಹೆನ್‌ಬೇನ್ ಎಂಬ ಗಿಡದ ಬೀಜದಿಂದ ಮಾಡುತ್ತಿದ್ದರು. ಅದೂ ನೆಲಗುಳ್ಳ, ಬದನೆಗಳ ಕುಲದ್ದೇ. ನಮ್ಮ ಮಾಸ್ತರು ಮಾಡಿ ತೋರಿಸಿದ್ದನ್ನು 1757ರಲ್ಲಿ ಜರ್ಮನಿಯ ರೇಗನ್ಸ್‌ಬರ್ಗ್ ಊರಿನ ಪಾದ್ರಿ ಯಾಕೋಬ್ ಕ್ರಿಶ್ಚಿಯನ್ ಶೆಫರ್ ಪುಸ್ತಕ ಮಾಡಿ ಅಚ್ಚು ಹಾಕಿಸಿದ್ದ. ಹಲ್ಲಿನ ಹುಳ ಬರೀ ಕಲ್ಪನೆ, ಉದುರುವುದು ಬೀಜದ ಮೊಳಕೆ ಎಂದು. ಅವನಿಗಿಂತ ಮೊದಲೇ, 1728ರಲ್ಲಿ, ಪ್ಯಾರಿಸಿನ ದಂತವೈದ್ಯ ಪಿಯೆರ್ ಫೊಶಾರ್ ಹುಳುಕು ಹಲ್ಲುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಹುಳ ತನಗೆ ಕಾಣಲಿಲ್ಲವೆಂದು ಬರೆದಿದ್ದ.

ಹುಳ ಇಲ್ಲವೆಂದಾಯಿತು. ಆದರೆ ಹಲ್ಲಿನ ಹೊರಕವಚ ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು. ಮನುಷ್ಯ ಸತ್ತು ಸಾವಿರಾರು ವರ್ಷವಾದರೂ ಮಣ್ಣಿನಲ್ಲಿ ಹಲ್ಲು ಕರಗದೆ ಉಳಿಯುತ್ತದೆ. ಬದುಕಿರುವಾಗ, ಅದೂ ಆರು ವರ್ಷದ ಹುಡುಗನ ಬಾಯಲ್ಲಿ, ಎರಡು ವರ್ಷದೊಳಗೆ ಅದನ್ನು ಕೊರೆಯುವುದು ಯಾವುದು?

ಉತ್ತರದ ಒಂದು ತುದಿ ಹಾಲೆಂಡಿನ ಬಟ್ಟೆ ವ್ಯಾಪಾರಿಯೊಬ್ಬನಿಗೆ ಆಗಲೇ ಸಿಕ್ಕಿತ್ತು, ಅದು ಉತ್ತರವೆಂದು ಮಾತ್ರ ಗೊತ್ತಿರಲಿಲ್ಲ. ಡೆಲ್ಫ್ಟ್ ಊರಿನ ಲೇವೆನ್‌ಹುಕ್ ಪ್ರತಿದಿನ ಬೆಳಿಗ್ಗೆ ಉಪ್ಪಿನಿಂದ ಹಲ್ಲು ತಿಕ್ಕುವವನು, ನಮ್ಮ ಅಜ್ಜಂದಿರ ಹಾಗೆ. ಅಷ್ಟು ತಿಕ್ಕಿದರೂ ದವಡೆಹಲ್ಲಿನ ಸಂದಿಯಲ್ಲಿ ಬೆಳ್ಳಗೆ ಹಿಟ್ಟಿನಂಥದ್ದು ಉಳಿಯುತ್ತಿತ್ತು. ಅದನ್ನು ಕೆರೆದು, ತಾನೇ ಉಜ್ಜಿ ಮಾಡಿದ ಮಸೂರದಡಿ ಇಟ್ಟು ನೋಡಿದ. ಜೀವಿಗಳು ಕಿಕ್ಕಿರಿದು ಓಡಾಡುತ್ತಿದ್ದವು. 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ. ತನ್ನ ದೇಶದ ಜನಸಂಖ್ಯೆಗಿಂತ ತನ್ನ ಬಾಯೊಳಗಿನ ಜೀವಿಗಳೇ ಹೆಚ್ಚು ಎಂದ. ಅವಕ್ಕೂ ಹಲ್ಲಿನ ಕುಳಿಗೂ ಸಂಬಂಧ ಕಟ್ಟಲು ಇನ್ನೂ 200 ವರ್ಷ ಹಿಡಿಯಿತು.

ಕಟ್ಟಿದವನು ವಿಲ್ಲೋಬಿ ಮಿಲ್ಲರ್. ಅಮೆರಿಕದ ಓಹಾಯೊದವನು, ಬರ್ಲಿನ್ನಿಗೆ ಬಂದು ನೆಲೆಸಿದವನು. ಕ್ಷಯದ ರೋಗಾಣು ಕಂಡುಹಿಡಿದ ರಾಬರ್ಟ್ ಕಾಕ್ ಆಗ ಬರ್ಲಿನ್ನಿನಲ್ಲೇ ಇದ್ದ, ಅವನ ಪ್ರಯೋಗಶಾಲೆಯ ಗಾಳಿ ಮಿಲ್ಲರನಿಗೂ ತಗಲಿತು. ಅವನ ಪ್ರಯೋಗ ನನಗೆ ಬಹಳ ಮೆಚ್ಚುಗೆಯದು, ಏಕೆಂದರೆ ಅದನ್ನು ಅಡುಗೆಮನೆಯ ಮಾತಿನಲ್ಲೇ ಹೇಳಬಹುದು. ಕಿತ್ತ ಹಲ್ಲುಗಳನ್ನು ತಂದ. ಒಂದು ಗಾಜಿನ ನಳಿಗೆಯಲ್ಲಿ ಹಲ್ಲು, ಉಗುಳು, ಬ್ರೆಡ್ಡು. ಇನ್ನೊಂದರಲ್ಲಿ ಹಲ್ಲು, ಉಗುಳು, ಮಾಂಸದ ಕೊಬ್ಬು. ಮತ್ತೊಂದರಲ್ಲಿ ಹಲ್ಲು, ಬ್ರೆಡ್ಡು, ಕುದಿಸಿ ಆರಿಸಿದ ಉಗುಳು. ಎಲ್ಲವನ್ನೂ ಮೈಬಿಸಿಯಷ್ಟು ಶಾಖದಲ್ಲಿಟ್ಟು ಕಾದ. ಬ್ರೆಡ್ಡಿನ ಜೊತೆಗಿದ್ದ ಹಲ್ಲು ಮೆತ್ತಗಾಯಿತು. ಕೊಬ್ಬಿನ ಜೊತೆಗಿದ್ದದ್ದು ಹಾಗೇ ಉಳಿಯಿತು. ಕುದಿಸಿದ ಉಗುಳಿನಲ್ಲಿದ್ದದ್ದೂ ಹಾಗೇ ಉಳಿಯಿತು.

ಮೂರು ನಳಿಗೆಗಳು ಸೇರಿ ಕತೆ ಹೇಳಿದವು. ಬ್ರೆಡ್ಡೊಂದೇ ಹಲ್ಲು ಕೆಡಿಸುವುದಿಲ್ಲ, ಉಗುಳೊಂದೇ ಕೆಡಿಸುವುದಿಲ್ಲ. ಕುದಿಸಿದರೆ ಸಾಯುವ ಯಾವುದೋ ಜೀವಿ ಉಗುಳಿನಲ್ಲಿದೆ. ಅದು ಹಿಟ್ಟನ್ನೂ ಸಕ್ಕರೆಯನ್ನೂ ಉಂಡು ಹುಳಿ ಉಗುಳುತ್ತದೆ. ಹಾಲಿಗೆ ಹೆಪ್ಪು ಬಿದ್ದು ಮೊಸರಾಗುವಾಗ ಆಗುವುದೂ ಅದೇ, ಹುಳಿಯೂ ಅದೇ ಜಾತಿಯದು. ಆ ಹುಳಿ ಹಲ್ಲಿನ ಸುಣ್ಣವನ್ನು ಕರಗಿಸುತ್ತದೆ. ಮಿಲ್ಲರ್ ಇದನ್ನೆಲ್ಲ 1890ರ ತನ್ನ ಪುಸ್ತಕದಲ್ಲಿ ಬರೆದ. ಹಲ್ಲನ್ನು ಯಾರೂ ಕಚ್ಚಿ ತಿನ್ನುವುದಿಲ್ಲ, ಅದು ಕರಗುತ್ತದೆ. ಹಿಂದಿನ ಸಾಲಿನ ಆ ಹುಡುಗಿಗೆ ಉತ್ತರ ಕೊಡಬೇಕಾದವನು ಇವನೇ.

ಮಿಲ್ಲರ್ ಹಾಕಿದ್ದು ಬ್ರೆಡ್ಡು, ಪೇಡೆಯಲ್ಲ, ಎಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ. "ನಮ್ಮ ಹುಡುಗ ಸಿಹಿ ಮುಟ್ಟಂಗಿಲ್ಲರಿ, ಬರೇ ಬೋಟಿ, ಚಿಪ್ಸು" ಎನ್ನುವ ತಾಯಂದಿರನ್ನು ಅಣ್ಣಿಗೇರಿಯಲ್ಲೂ ಕುಂದಗೋಳದಲ್ಲೂ ಕಂಡಿದ್ದೇನೆ. ದವಡೆಗೆ ಅಂಟಿ ಕೂತ ಬೋಟಿಯ ಹಿಟ್ಟು ಉಗುಳಿನಲ್ಲಿ ನೆನೆದು ಸಕ್ಕರೆಯಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಜೀವಿ ಯಾವುದು? 1924ರಲ್ಲಿ ಲಂಡನ್ನಿನ ಕಿಲಿಯನ್ ಕ್ಲಾರ್ಕ್ ಹುಳುಕು ಹಲ್ಲುಗಳಿಂದ ಒಂದು ಬ್ಯಾಕ್ಟೀರಿಯವನ್ನು ಬೇರೆ ಮಾಡಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂದು ಹೆಸರಿಟ್ಟ. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1960ರಲ್ಲಿ ಅಮೆರಿಕದ ಪಾಲ್ ಕೀಸ್, ಇಲಿಯಂಥ ಹ್ಯಾಮ್‌ಸ್ಟರ್‌ಗಳನ್ನು ಸಾಕಿ ನೋಡಿದ. ಹಲ್ಲು ಹುಳುಕಾಗದ ತಳಿಯ ಮರಿಗಳನ್ನು ಹುಳುಕು ಹಲ್ಲಿನವುಗಳ ಜೊತೆ ಒಂದೇ ಪಂಜರಕ್ಕೆ ಬಿಟ್ಟಾಗ ಅವುಗಳ ಹಲ್ಲೂ ಹುಳುಕಾದವು. ಹುಳುಕು ಹಲ್ಲು ಅಂಟುರೋಗ! ಮಕ್ಕಳಿಗೆ ಅದು ಹೆಚ್ಚಾಗಿ ದಾಟುವುದು ತಾಯಿಯ ಬಾಯಿಂದ, ಅಜ್ಜಿಯ ಬಾಯಿಂದ: ಅಗಿದು ಮೆತ್ತಗೆ ಮಾಡಿ ಕೊಟ್ಟ ರೊಟ್ಟಿಯ ತುಣುಕು, ಬಿಸಿ ನೋಡಲು ತುಟಿಗಿಟ್ಟ ಚಮಚ. ಹೀಗೆಂದು ಕೂಸಿಗೆ ಮುತ್ತು ಕೊಡಬೇಡಿ ಎಂದು ಹೇಳಲು ನನಗಂತೂ ಬಾಯಿಲ್ಲ. ಬಸುರಿಯಾದಾಗಲೇ ತಾಯಿ ತನ್ನ ಹುಳುಕು ಹಲ್ಲು ತುಂಬಿಸಿಕೊಂಡರೆ ಕೂಸಿಗೆ ದಾಟುವ ಪಾಲು ಕಡಿಮೆ, ಅಷ್ಟು ಹೇಳಬಲ್ಲೆ.

ಜೀವಿ ಗೊತ್ತಾಯಿತು, ಹುಳಿ ಗೊತ್ತಾಯಿತು. ಇನ್ನುಳಿದದ್ದು ಒಂದೇ, ನಮ್ಮ ಮನೆಗಳಿಗೆ ಎಲ್ಲಕ್ಕಿಂತ ಬೇಕಾದದ್ದು: ಸಿಹಿ ಎಷ್ಟು ತಿಂದರೆ ಹಲ್ಲು ಹೋಗುತ್ತದೆ?

ಅದು ತಿಳಿದ ಕತೆಯನ್ನು ಸಂತೋಷದಿಂದ ಹೇಳಲಾಗುವುದಿಲ್ಲ. ಸ್ವೀಡನ್ನಿನ ಲುಂಡ್ ಪಟ್ಟಣದ ಹತ್ತಿರ ವಿಪೆಹೋಮ್ ಎಂಬ ಆಸ್ಪತ್ರೆ ಇತ್ತು, ಬುದ್ಧಿಮಾಂದ್ಯರನ್ನು ಜೀವನವಿಡೀ ಇಡುವ ಜಾಗ. ಅಲ್ಲಿದ್ದವರು ಹೊರಗೆ ಹೋಗುವಂತಿಲ್ಲ, ಒಲ್ಲೆ ಎನ್ನುವಂತಿಲ್ಲ, ಎಂದರೂ ಕೇಳುವವರಿಲ್ಲ. 1945ರಿಂದ ಹಲವು ವರ್ಷ ಅವರ ಮೇಲೆ ಪ್ರಯೋಗ ನಡೆಯಿತು. ಅವರನ್ನು ಗುಂಪು ಮಾಡಿ, ಕೆಲವರಿಗೆ ಊಟದ ಜೊತೆಗಿನ ಪಾನೀಯದಲ್ಲಿ ಸಕ್ಕರೆ ಕೊಟ್ಟರು, ಕೆಲವರಿಗೆ ಸಿಹಿ ಬ್ರೆಡ್ಡು ಕೊಟ್ಟರು, ಇನ್ನು ಕೆಲವರಿಗೆ ಊಟ ಊಟದ ನಡುವೆ ಟಾಫಿ ಕೊಟ್ಟರು. ಟಾಫಿಯನ್ನು ಹಲ್ಲಿಗೆ ಗಟ್ಟಿಯಾಗಿ ಅಂಟುವಂತೆ ಬೇಕೆಂದೇ ಮಾಡಿಸಿದ್ದರು. ಒಂದು ಗುಂಪಿಗೆ ದಿನಕ್ಕೆ 8, ಮತ್ತೊಂದಕ್ಕೆ 24. ಮಿಠಾಯಿ ಮತ್ತು ಸಕ್ಕರೆ ಕಂಪನಿಗಳೂ ಇದಕ್ಕೆ ನೆರವು ಕೊಟ್ಟಿದ್ದವು. ಟಾಫಿ ತಿಂದವರ ಹಲ್ಲು ಒಂದಾದ ಮೇಲೊಂದು ಕೊಳೆತವು. ಹೋದ ಹಲ್ಲು ತಿರುಗಿ ಬರುವುದಿಲ್ಲವೆಂದು ಪ್ರಯೋಗ ಮಾಡಿದವರಿಗೆ ಗೊತ್ತೇ ಇತ್ತು. ಇವತ್ತು ಯಾವ ಸಮಿತಿಯೂ ಇಂಥದ್ದಕ್ಕೆ ಒಪ್ಪಲಾರದು, ಒಪ್ಪಲೂ ಬಾರದು.

1954ರಲ್ಲಿ ಫಲಿತಾಂಶ ಹೊರಬಂದಾಗ ಕಂಪನಿಗಳಿಗೂ ಅದು ಸಿಹಿಯಾಗಿರಲಿಲ್ಲ. ಊಟದ ಜೊತೆ ಸಕ್ಕರೆ ಕುಡಿದವರು, ಸೇರಿಸಿ ನೋಡಿದರೆ ಬಹಳ ಸಕ್ಕರೆ ತಿಂದಿದ್ದರೂ, ಅವರ ಹಲ್ಲುಗಳಲ್ಲಿ ಹೊಸ ಕುಳಿ ಹೆಚ್ಚೇನೂ ಬಿದ್ದಿರಲಿಲ್ಲ. ನಡುನಡುವೆ ಟಾಫಿ ಚೀಪಿದವರ ಬಾಯಲ್ಲಿ ಕುಳಿಗಳು ಏಕ್ದಂ ಏರಿದ್ದವು. ಟಾಫಿ ನಿಲ್ಲಿಸಿದಾಗ ಏರಿಕೆಯೂ ಇಳಿಯಿತು. ಸಕ್ಕರೆಯ ತೂಕಕ್ಕಿಂತ ಹೆಚ್ಚಿನದು ಸಲದ ಲೆಕ್ಕ: ದಿನಕ್ಕೆ ಎಷ್ಟು ಸಲ ಬಾಯಿಗೆ ಬಿತ್ತು, ಬಿದ್ದದ್ದು ಎಷ್ಟು ಹೊತ್ತು ಹಲ್ಲಿಗೆ ಅಂಟಿತ್ತು.

ಯಾಕೆ ಹೀಗೆ ಎಂಬುದಕ್ಕೆ ಕಾರಣವನ್ನು ಅಮೆರಿಕದ ರಾಬರ್ಟ್ ಸ್ಟೀಫನ್ 1940ರ ದಶಕದಲ್ಲೇ ಕಂಡಿದ್ದ. ಲೇವೆನ್‌ಹುಕ್ ಕೆರೆದು ನೋಡಿದಂಥ, ಹಲ್ಲಿನ ಮೇಲಿನ ಆ ಬಿಳಿ ಹಿಟ್ಟಿಗೇ ಸಣ್ಣ ತಂತಿ ತಾಗಿಸಿ ಹುಳಿ ಅಳೆದ. ಸಕ್ಕರೆ ನೀರು ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಹುಳಿ ಸರ್ರನೆ ಏರುತ್ತದೆ. ಆಮೇಲೆ ಉಗುಳು ಅದನ್ನು ನಿಧಾನವಾಗಿ ತೊಳೆದು, ತನ್ನೊಳಗಿನ ಸುಣ್ಣವನ್ನು ಹಲ್ಲಿಗೆ ಮರಳಿ ಕೊಟ್ಟು, ಮೊದಲಿನ ಹದಕ್ಕೆ ತರುತ್ತದೆ. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಇತ್ತ ಉಗುಳು ಗಾರೆ ಹಚ್ಚುತ್ತಿರುವಾಗಲೇ ಅತ್ತ ಇನ್ನೊಂದು ಪೆಪ್ಪರಮೆಂಟು ಬಿದ್ದರೆ ಗಾರೆ ಒಣಗುವುದು ಯಾವಾಗ? ರಾತ್ರಿ ನಿದ್ದೆಯಲ್ಲಿ ಉಗುಳೇ ಕಡಿಮೆ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗಿದ ಕೂಸಿನ ಮೇಲಿನ ಮುಂಹಲ್ಲು ಕರ್ರಗೆ ಸವೆದು ಮೋಟಾಗುವುದು ಇದರಿಂದಲೇ.

ಸ್ವೀಡನ್ನಿನ ಸರಕಾರ ವಿಪೆಹೋಮಿನಿಂದ ಒಂದು ಸರಳ ಪಾಠ ತೆಗೆಯಿತು: ಮಕ್ಕಳಿಗೆ ಮಿಠಾಯಿ ಬೇಕೇ ಬೇಕಾದರೆ ವಾರಕ್ಕೊಂದೇ ದಿನ ಕೊಡಿ. ಇವತ್ತಿಗೂ ಅಲ್ಲಿ ಶನಿವಾರದ ಮಿಠಾಯಿ ಎಂಬ ರೂಢಿ ಇದೆ. ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಸಂತೆಯ ದಿನ. ಅಪ್ಪ ಸಂತೆಯಿಂದ ಬರುವ ಹೊತ್ತಿಗೆ ಅಗಸಿಯ ತನಕ ಓಡಿಹೋಗುತ್ತಿದ್ದೆವು. ಚೀಲದ ತಳದಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಚುರುಮರಿಯ ಜೊತೆ ಬೆಂಡು, ಬತ್ತಾಸು. ಅವತ್ತೇ ತಿಂದು ಮುಗಿಸುತ್ತಿದ್ದೆವು. ಮತ್ತೆ ಸಿಹಿಯ ಮುಖ ಕಾಣುವುದು ಮುಂದಿನ ಸಂತೆಗೆ, ಇಲ್ಲವೆ ಹಬ್ಬದ ಹೋಳಿಗೆಗೆ. ಹಿರಿಯರಿಗೆ ಎಲ್ಲ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವರಿಗೆ ಗೊತ್ತಿರಲಿಲ್ಲ, ಕೈಯಲ್ಲಿ ದುಡ್ಡಿರಲಿಲ್ಲ, ಅಷ್ಟೇ. ತಮ್ಮನ ಹಲ್ಲು ಹಾಳಾದದ್ದೂ ಬಡತನದಿಂದಲ್ಲ. ಓಣಿಯ ಮೂಲೆಯಲ್ಲಿ ಹೊಸದಾಗಿ ಅಂಗಡಿ ತೆರೆದ ವರ್ಷವೇ ಅದು ಶುರುವಾಯಿತು, ಮತ್ತು ಅಂಗಡಿಯ ಕಾಕಾ ಚಿಲ್ಲರೆಗೆ ಬದಲು ಪೆಪ್ಪರಮೆಂಟು ಕೊಡುತ್ತಿದ್ದ.

ಹೋದ ವರ್ಷ ಒಂದು ರವಿವಾರ ತಮ್ಮನ ಮಗನ ಬಾಯಿಗೆ ಏನೇನು ಬಿತ್ತೆಂದು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆಯುತ್ತ ಹೋದೆ. ಎದ್ದ ಕೂಡಲೇ ಚಹಾ, ಟೋಸ್ಟು. ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗುವ ಅವಸರದಲ್ಲಿ ಅವ್ವ ಕೈಗಿಟ್ಟ ಬಿಸ್ಕೀಟು. ಉಪ್ಪಿಟ್ಟು. ಅಂಗಡಿಯಿಂದ ಬಣ್ಣದ ಪೆಪ್ಸಿ ಐಸು, ಅದನ್ನು ಚೀಪಿದ್ದು ಅರ್ಧ ತಾಸು. ಊಟ. ಬೋಟಿ. ಬಂದ ನೆಂಟರು ಕೊಟ್ಟ ಚಾಕಲೇಟು. ಸಂಜೆಯ ಚಹಾ, ಮತ್ತೆ ಟೋಸ್ಟು. ರಾತ್ರಿ ರೊಟ್ಟಿ ಒಲ್ಲೆನೆಂದದ್ದಕ್ಕೆ ಸಕ್ಕರೆ ಹಾಲು. ಒಂಬತ್ತು! ಗಂಗಾಳದಲ್ಲಿ ಆಯಿ ಎಣಿಸಿದ್ದೂ ಒಂಬತ್ತೇ. ಸ್ಟೀಫನ್ನನ ಲೆಕ್ಕದಲ್ಲಿ ಒಂದೊಂದಕ್ಕೆ ನಲವತ್ತು ನಿಮಿಷ ಹಿಡಿದರೂ ಆರು ತಾಸು ಆ ಹುಡುಗನ ಹಲ್ಲು ಹುಳಿಯಲ್ಲಿ ನೆನೆದಿತ್ತು. ತಮ್ಮನಿಗೆ ತೋರಿಸಿದೆ. "ಎಲ್ಲಾ ಬಿಡಸಂತೀ ಏನಣ್ಣಾ?" ಎಂದ. ಎಲ್ಲ ಬಿಡಿಸುವುದು ಬೇಕಿಲ್ಲ. ಬಿಸ್ಕೀಟು ಚಹಾದ ಜೊತೆಗೇ ಮುಗಿಯಲಿ, ಚಾಕಲೇಟು ಊಟದ ಕೊನೆಗೆ ಬರಲಿ, ಪೆಪ್ಸಿ ಸಂತೆಯ ದಿನಕ್ಕೆ ಹೋಗಲಿ. ಒಂಬತ್ತು ಆರಾಗುತ್ತದೆ. ನಡುವೆ ಹಸಿವಾದರೆ ಹುರಿದ ಶೇಂಗಾ ಇದೆ, ಹಿಂಗಾರಿಯಲ್ಲಿ ಕಡಲೆಯ ಸುಲಗಾಯಿ ಇದೆ, ಮಜ್ಜಿಗೆ ಇದೆ. ನವಲಗುಂದದ ಹೊಲಗಳಲ್ಲಿ ಇವಕ್ಕೇನು ಬರವಿಲ್ಲ.

ನೀರಿನ ಕತೆ ಬೇರೆ. ಅದೂ ಹಲ್ಲಿನದೇ, ಆದರೆ ತಲೆಕೆಳಗಾಗಿ ಶುರುವಾದದ್ದು. 1901ರಲ್ಲಿ ಫ್ರೆಡ್ರಿಕ್ ಮೆಕೇ ಎಂಬ ಹೊಸ ದಂತವೈದ್ಯ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿನಲ್ಲಿ ಅಂಗಡಿ ಹಾಕಿದ. ಊರಿನವರ ಹಲ್ಲಿನ ತುಂಬ ಚಾಕಲೇಟು ಬಣ್ಣದ ಕಲೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಮಾತ್ರ ಕಲೆ, ದೊಡ್ಡವರಾಗಿ ಬಂದವರಿಗಿಲ್ಲ. ವಿಚಿತ್ರವೆಂದರೆ ಆ ಕಲೆಯ ಹಲ್ಲುಗಳು ಹುಳುಕಾಗುವುದು ಕಡಿಮೆ. ಮೆಕೇ ಮೂವತ್ತು ವರ್ಷ ಇದರ ಬೆನ್ನು ಬಿಡಲಿಲ್ಲ. ನೀರಿನಲ್ಲೇ ಏನೋ ಇದೆ ಎಂದು ಅವನಿಗೆ ಅನುಮಾನ ಬಂದಿತ್ತು. ಓಕ್ಲಿ ಎಂಬ ಊರಿನಲ್ಲಿ ನೀರಿನ ಮೂಲ ಬದಲಿಸಿದಾಗ ಕೆಲವೇ ವರ್ಷಗಳಲ್ಲಿ ಮಕ್ಕಳ ಹೊಸ ಹಲ್ಲು ಬೆಳ್ಳಗೆ ಬಂದವು. ಆ ಏನೋ ಯಾವುದೆಂದು 1931ರಲ್ಲಿ ಹೇಳಿದವನು ಅಲ್ಯೂಮಿನಿಯಂ ಕಂಪನಿಯ ರಸಾಯನ ತಜ್ಞ ಚರ್ಚಿಲ್: ಬಾಕ್ಸೈಟ್ ಎಂಬ ಗಣಿ ಊರಿನ ನೀರಿನಲ್ಲಿ ಲೀಟರಿಗೆ 13.7 ಮಿಲಿಗ್ರಾಂ ಫ್ಲೋರೈಡ್. ತನ್ನ ಕಣ್ಣನ್ನೇ ನಂಬದೆ ಅವನು ಇನ್ನೊಮ್ಮೆ ನೀರು ತರಿಸಿ ಪರೀಕ್ಷಿಸಿದನಂತೆ. ಅಲ್ಲಿಂದ ಮುಂದೆ ಟ್ರೆಂಡ್ಲಿ ಡೀನ್ ಎಂಬ ದಂತವೈದ್ಯ ಊರೂರಿನ ನೀರು, ಊರೂರಿನ ಹಲ್ಲು ಹೋಲಿಸಿ, ಲೀಟರಿಗೆ 1 ಮಿಲಿಗ್ರಾಂ ಸುಮಾರಿಗಿದ್ದರೆ ಕಲೆಯೂ ಅಷ್ಟಾಗಿ ಆಗದು, ಹುಳುಕೂ ಕಡಿಮೆ ಎಂದು ಕಂಡ.

ನಮ್ಮ ಕಡೆಯವರಿಗೆ ಈ ಕತೆಯ ಎರಡೂ ತುದಿ ಗೊತ್ತಿರಬೇಕು. 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಮುಂಡರಗಿಯ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಅತಿಯಾಗಿ, ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ಮುದುಕರ ಮೊಣಕಾಲು ಬಾಗುವುದು ಕಂಡದ್ದಿದೆ. ನವಲಗುಂದದಲ್ಲಿ ಬೋರು ಕೊರೆದರೆ ಸವಳು. ಹಾಗಾಗಿ ನಾವು ಮೊದಲಿನಿಂದಲೂ ಕೆರೆಯ ನೀರಿನವರು. ಮಲಪ್ರಭೆಯ ಕಾಲುವೆಗೆ ನೀರು ಬಂದಾಗ ಕೆರೆ ತುಂಬಿಸಿಕೊಳ್ಳುತ್ತೇವೆ, ತಳ ಕಂಡಾಗ ಮುಗಿಲು ನೋಡುತ್ತೇವೆ. ಕೆರೆಯ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆಯೇ. ಅಲ್ಲಿ ಸಿಗದದ್ದು ಪೇಸ್ಟಿನಿಂದ ಸಿಗಬೇಕು. 1950ರ ದಶಕದಿಂದ ಪೇಸ್ಟಿಗೆ ಅದು ಸೇರಿದೆ. ಡಬ್ಬಿಯ ಮೇಲೆ ಫ್ಲೋರೈಡ್ 1000 ಪಿಪಿಎಂ ಎಂಬ ಸಣ್ಣ ಅಕ್ಷರ ಓದಿ ಕೊಳ್ಳಿ. ಜಾಹೀರಾತಿನ ಹುಡುಗ ಕುಂಚದ ಉದ್ದಕ್ಕೂ ಹಾವಿನಂತೆ ಸುರಿದುಕೊಳ್ಳುತ್ತಾನಲ್ಲ, ಅದು ಕಂಪನಿಯ ಲಾಭಕ್ಕೆ. ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿ ಕಾಳಿನಷ್ಟು ಸಾಕು, ಆರರ ತನಕ ವಟಾಣಿ ಕಾಳಿನಷ್ಟು. ತಿಕ್ಕಿದ ಮೇಲೆ ಉಗುಳಬೇಕು, ಆದರೆ ಚೆಂಬುಗಟ್ಟಲೆ ನೀರು ಮುಕ್ಕಳಿಸಿ ಔಷಧವನ್ನೆಲ್ಲ ಬಚ್ಚಲಿಗೆ ಕಳಿಸಬಾರದು.

ಬೇವಿನ ಕಡ್ಡಿ ಏನು ಕೆಟ್ಟದ್ದು ಎಂದು ಕೇಳುವವರಿದ್ದಾರೆ. ಕೆಟ್ಟದ್ದಲ್ಲ. ಅಗಿದು ಕುಂಚ ಮಾಡಿ ತಾಳ್ಮೆಯಿಂದ ತಿಕ್ಕುವ ದೊಡ್ಡವರಿಗೆ ನಡೆದೀತು. ಐದು ವರ್ಷದ ಹುಡುಗನ ಹಿಂದಿನ ದವಡೆಗೆ ಅದು ಹೋಗುವುದಿಲ್ಲ, ಅದರಲ್ಲಿ ಫ್ಲೋರೈಡೂ ಇಲ್ಲ. ಇದ್ದಿಲು, ಕುಳ್ಳಿನ ಬೂದಿ ಹಲ್ಲು ಸವೆಸುತ್ತವೆ. ಇನ್ನು ಮಿಸರಿ ಎಂದು ತಂಬಾಕು ಸುಟ್ಟು ತಿಕ್ಕುವ ಚಟವನ್ನು ಹಲ್ಲುಪುಡಿಯ ಲೆಕ್ಕಕ್ಕೆ ತರುವುದೇ ಬೇಡ.

ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹಲ್ಲು ಕಳೆದದ್ದು ಒಂದು ಮಾತು: "ಹಾಲಹಲ್ಲು, ಹೆಂಗಿದ್ರೂ ಬೀಳೂದ ಐತಿ." ಬಿದ್ದ ಹಲ್ಲನ್ನು ಸೆಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಒಗೆಯುವ ನಮಗೆ ಅದು ಒಗೆಯುವ ವಸ್ತುವೇ. ಆದರೆ ಆರನೆಯ ವಯಸ್ಸಿಗೆ, ಹಾಲಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ ಸದ್ದಿಲ್ಲದೆ ಒಂದು ದವಡೆಹಲ್ಲು ಹುಟ್ಟುತ್ತದೆ. ಮೇಲೆ ಕೆಳಗೆ, ಎಡ ಬಲ ಸೇರಿ ನಾಲ್ಕು. ಅವು ಸಾಯುವ ತನಕ ಇರಬೇಕಾದ ಹಲ್ಲುಗಳು. ತಾಯಿ ಅದನ್ನೂ ಹಾಲಹಲ್ಲೆಂದೇ ತಿಳಿದಿರುತ್ತಾಳೆ. ತಮ್ಮನ ಬಾಯಲ್ಲಿ ಆಯಿ ಹೊಗೆ ಹಾಕಿದ ಹಲ್ಲು ಅದೇ ಎಂದು ನಮಗೆ ಗೊತ್ತಾದದ್ದು ಅದನ್ನು ಕಿತ್ತ ದಿನ. ಈಗ ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಶುರುವಾದ ಎಸ್‌ಡಿಎಂ ದಂತ ಕಾಲೇಜು ಇದೆ. ಹಲ್ಲು ನೋಯುವ ಮೊದಲೇ, ಆರು ತುಂಬಿದ ವರ್ಷ, ಒಮ್ಮೆ ಮಕ್ಕಳ ಬಾಯಿ ತೋರಿಸಿಕೊಂಡು ಬಂದರೆ ಆ ನಾಲ್ಕು ಹಲ್ಲಿನ ಗುಳಿಗಳಿಗೆ ಮುಲಾಮಿನಂಥ ಹೊದಿಕೆ ಹಾಕಿ ಮುಚ್ಚಲು ಬರುತ್ತದೆ.

ತಮ್ಮನ ಮನೆಯಲ್ಲಿ ಈಗ ರಾತ್ರಿ ಉಂಡ ಮೇಲೆ ಹಲ್ಲು ತಿಕ್ಕುವುದು ನಡೆದಿದೆ. ಬೆಳಗಿನದಕ್ಕಿಂತ ಅದು ಮುಖ್ಯ ಎಂದು ಅವನನ್ನು ಒಪ್ಪಿಸಲು ಎರಡು ಹಬ್ಬ ಬೇಕಾದವು. ಮಗನನ್ನು ಮುಂದೆ ನಿಲ್ಲಿಸಿ, ಗಲ್ಲ ಎತ್ತಿ, ಎಡಗೈಯಿಂದ ತುಟಿ ಸರಿಸಿ, ಹಿಂದಿನ ದವಡೆಯಿಂದ ಶುರು ಮಾಡುತ್ತಾನೆ. ಮೂರನೆಯ ಇಯತ್ತೆಗೆ ಬರುವ ತನಕ ಹುಡುಗರ ಕೈಗೆ ಅಷ್ಟು ಹದ ಬರುವುದಿಲ್ಲ. ಒಂದು ರಾತ್ರಿ ಹುಡುಗ ಬಾಯ್ತುಂಬ ನೊರೆ ಇಟ್ಟುಕೊಂಡೇ ಕೇಳಿದ: "ದೊಡಪ್ಪಾ, ಒಳಗ ಎಷ್ಟ ಹುಳ ಅದಾವ?"

ಆಯಿ ತೀರಿಕೊಳ್ಳುವ ಹಿಂದಿನ ವರ್ಷ ನಾನು ಊರಿಗೆ ಹೋದಾಗ ಆಕೆಯ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಹೇಳಿದ್ದೆ. ಬೀಜದ ಮೊಳಕೆಯಿಂದ ಹಿಡಿದು ಬಾಯೊಳಗಿನ ಕಣ್ಣಿಗೆ ಕಾಣದ ಜೀವಿಗಳ ತನಕ, ಅವು ಸಕ್ಕರೆ ತಿಂದು ಹುಳಿ ಬಿಡುವ ತನಕ. ಹಲ್ಲಿಲ್ಲದ ಬಾಯಿಂದ ಎಲೆ ಅಡಿಕೆ ಕುಟ್ಟಿಸಿ ಹಾಕಿಕೊಳ್ಳುತ್ತ ಪೂರ್ತಿ ಕೇಳಿದಳು. ಮೊಳಕೆಯ ಮಾತಿಗೆ ಮುಖ ಸಣ್ಣದಾಯಿತು. ಜೀವಿಗಳ ಮಾತಿಗೆ ಕಣ್ಣು ಹೊಳೆಯಿತು.

"ಅಂದ್ರ ಹುಳ ಅದಾವಲ್ಲೋ ಮತ್ತ! ಕಾಣಂಗಿಲ್ಲ, ಅಷ್ಟ."